ಅಮೆರಿಕದಲ್ಲಿ ಗರ್ಭಪಾತ: ಮೊದಲು ವಾರ ಎಣಿಸಿ, ಆಮೇಲೆ ರಾಜ್ಯ ನೋಡಿ

ಕಾನೂನಿನಲ್ಲಿ ವಾರಗಳ ಲೆಕ್ಕ ಶುರುವಾಗುವುದು ಗರ್ಭ ನಿಂತ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ಹೆಚ್ಚಿನವರು ಎಡವುವುದು ಇಲ್ಲೇ. ಮಾರ್ಚ್ 1ಕ್ಕೆ ಮುಟ್ಟಾಗಿದ್ದರೆ, 28 ದಿನದ ಚಕ್ರದವರಿಗೆ ಮುಂದಿನದು 29ಕ್ಕೆ ಬರಬೇಕು. ಬರಲಿಲ್ಲವೆಂದು ಅಂದೇ ಟೆಸ್ಟ್ ಮಾಡಿಕೊಂಡರೂ ಆಗಲೇ 4 ವಾರ. ಏಪ್ರಿಲ್ 12ಕ್ಕೆ 6 ತುಂಬುತ್ತದೆ, ಕೆಲವು ರಾಜ್ಯಗಳಲ್ಲಿ ಮಿತಿಯೇ ಅಷ್ಟು. ಚಕ್ರ 35 ದಿನದ್ದಾದರೆ ಕೈಯಲ್ಲಿ ಉಳಿಯುವುದು ಒಂದೇ ವಾರ. ಮುಟ್ಟಿನ ತಾರೀಖು ನೆನಪಿಲ್ಲದಿದ್ದರೆ ಬೇಗ ಸ್ಕ್ಯಾನಿಂಗ್ ಮಾಡಿಸಿ. ಅದೂ ಪರವಾನಗಿ ಇರುವ ಕ್ಲಿನಿಕ್‌ನಲ್ಲೇ. ಉಚಿತ ಸ್ಕ್ಯಾನ್ ಎಂದು ಕರೆಯುವ ಕೆಲವು 'ಪ್ರೆಗ್ನೆನ್ಸಿ ಸೆಂಟರ್'ಗಳು ಗರ್ಭಪಾತ ಮಾಡುವುದೂ ಇಲ್ಲ, ಎಲ್ಲಿ ಮಾಡುತ್ತಾರೆಂದು ಹೇಳುವುದೂ ಇಲ್ಲ. ದಿನ ಮಾತ್ರ ಕಳೆಯುತ್ತದೆ.

2022ರ ಜೂನ್ 24ರಂದು ಸುಪ್ರೀಂ ಕೋರ್ಟ್, ದೇಶದಾದ್ಯಂತ ಗರ್ಭಪಾತದ ಹಕ್ಕು ಕೊಟ್ಟಿದ್ದ ರೋ ತೀರ್ಪನ್ನು ರದ್ದುಪಡಿಸಿದ ಮೇಲೆ ಮಿತಿ ಹಾಕುವುದು ರಾಜ್ಯಗಳಿಗೆ ಬಿಟ್ಟ ವಿಷಯ. ಟೆಕ್ಸಸ್‌ನಲ್ಲಿ ಹೆಚ್ಚುಕಮ್ಮಿ ಪೂರ್ತಿ ನಿಷೇಧ, ಅತ್ಯಾಚಾರದ ಪ್ರಕರಣಕ್ಕೂ ವಿನಾಯಿತಿ ಇಲ್ಲ. ಜಾರ್ಜಿಯಾದಲ್ಲಿ ಸುಮಾರು 6 ವಾರ, 2024ರ ಮೇ 1ರಿಂದ ಫ್ಲೋರಿಡಾದಲ್ಲೂ 6. ನಾರ್ತ್ ಕೆರೊಲಿನಾದಲ್ಲಿ 12. ಇಲಿನಾಯ್, ಕ್ಯಾಲಿಫೋರ್ನಿಯಾಗಳಲ್ಲಿ ಮಗು ಹೊರಗೆ ಬದುಕಬಲ್ಲ ಹಂತದವರೆಗೆ, ಅಂದರೆ ಸುಮಾರು 24 ವಾರ. ನ್ಯೂಜೆರ್ಸಿ, ನ್ಯೂ ಮೆಕ್ಸಿಕೊಗಳ ಕಾನೂನಿನಲ್ಲಿ ವಾರದ ಮಿತಿಯೇ ಇಲ್ಲ. ಆದರೆ ಒಂದೊಂದು ಕ್ಲಿನಿಕ್‌ಗೂ ತನ್ನದೇ ಮಿತಿ ಇರುತ್ತದೆ, ಫೋನಿನಲ್ಲೇ ಕೇಳಿಬಿಡಿ. ಕೋರ್ಟ್ ಆದೇಶಗಳಿಂದ ಈ ಅಂಕಿಗಳು ದಿಢೀರ್ ಬದಲಾಗುವುದುಂಟು, ಹೊರಡುವ ಮುಂಚೆ ಇನ್ನೊಮ್ಮೆ ವಿಚಾರಿಸಿ.

ಈ ಮಿತಿಯಿಂದ ಕಾಯುವ ಅವಧಿಯನ್ನೂ ಕಳೆದು ಲೆಕ್ಕ ಹಾಕಬೇಕು. ನಾರ್ತ್ ಕೆರೊಲಿನಾದಲ್ಲಿ ಖುದ್ದಾಗಿ ಹೋಗಿ ಸಮಾಲೋಚನೆ ಮುಗಿಸಿ 72 ಗಂಟೆ ಕಾಯಬೇಕು, ಹಾಗಾಗಿ 12ನೇ ವಾರದ ಕೊನೆಗೆ ಫೋನ್ ಮಾಡಿದರೆ ತಡವಾಯಿತೆಂದೇ ಅರ್ಥ. ಫ್ಲೋರಿಡಾದಲ್ಲಿ 24 ಗಂಟೆ, ಎರಡು ಸಲ ಹೋಗಬೇಕು.

ಅನ್ವಯವಾಗುವುದು ಚಿಕಿತ್ಸೆ ನಡೆಯುವ ರಾಜ್ಯದ ಕಾನೂನು. ಮನೆ ಟೆಕ್ಸಸ್‌ನ ಡಲ್ಲಾಸ್‌ನಲ್ಲಿದ್ದು, ಸಂಗಾತಿಯ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾದಲ್ಲಿದ್ದರೂ ನ್ಯೂ ಮೆಕ್ಸಿಕೊಗೆ ಹೋದರೆ ಅಲ್ಲಿನ ನಿಯಮವೇ. ಊರಿಗೇ ಹೋಗಿ ಮಾಡಿಸೋಣ ಎನ್ನುವವರಿಗೆ: ಭಾರತದಲ್ಲಿ ರಾಜ್ಯಕ್ಕೊಂದು ಮಿತಿ ಇಲ್ಲ. ಕಾನೂನು ಹೇಳಿದ ಕಾರಣಗಳಿಗೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 24ರವರೆಗೆ ಕೆಲವು ವರ್ಗದವರಿಗೆ ಮಾತ್ರ, ಅದಕ್ಕೆ ಇಬ್ಬರು ವೈದ್ಯರು ಬೇಕು.

ಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ತಲೆಸುತ್ತು, ರಕ್ತಸ್ರಾವ ಕಂಡರೆ ಈ ಲೆಕ್ಕವನ್ನೆಲ್ಲ ಬದಿಗಿಟ್ಟು ನೇರ ಎಮರ್ಜೆನ್ಸಿಗೆ ಹೋಗಿ. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಅದನ್ನು ತೆಗೆಯುವುದು ಟೆಕ್ಸಸ್ ಕಾನೂನಿನಲ್ಲೂ ಗರ್ಭಪಾತವಲ್ಲ.