ಉದ್ದನೆಯ ಟೆಲಿಸ್ಕೋಪಿಗೆ ಅಲುಗದ ಮೌಂಟ್: ಕೊಳ್ಳುವ ಮೊದಲು ಹಾಕಬೇಕಾದ ಲೆಕ್ಕ

ಆರು ಇಂಚು ಅಗಲದ ಲೆನ್ಸಿನ ರಿಫ್ರ್ಯಾಕ್ಟರ್ (ಕನ್ನಡಿಯ ಬದಲು ಲೆನ್ಸ್ ಇರುವ ಟೆಲಿಸ್ಕೋಪ್) ತರಬೇಕೆಂದು ದುಡ್ಡು ಕೂಡಿಸಿದವರು ಮುಕ್ಕಾಲು ಪಾಲನ್ನು ಕೊಳವೆಗೇ ಸುರಿಯುತ್ತಾರೆ. ಉಳಿದದ್ದರಲ್ಲಿ ಸಿಕ್ಕ ಮೌಂಟ್, ಅಂದರೆ ಕೊಳವೆಯನ್ನು ಹೊತ್ತು ತಿರುಗಿಸುವ ಸ್ಟ್ಯಾಂಡ್, ಬರುತ್ತದೆ. ಶನಿಯ ಉಂಗುರ ಫೋಕಸ್ ಮಾಡಲು ಗುಂಡಿ ಮುಟ್ಟಿದ ಕೂಡಲೇ ಗ್ರಹ ಕುಣಿಯತೊಡಗುತ್ತದೆ. ಕೈ ಬಿಟ್ಟು ಕಾಯಬೇಕು. ನಿಂತ ಮೇಲೆ ನೋಡಿದರೆ ಫೋಕಸ್ ಸರಿ ಇರುವುದಿಲ್ಲ, ಮತ್ತೆ ಮುಟ್ಟಬೇಕು. ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಏನು ಬಂತು? ನನ್ನನ್ನು ಕೇಳಿದರೆ ಮೌಂಟ್ ಮೊದಲು ಗೊತ್ತು ಮಾಡಿ, ಅದು ಹೊರುವಂಥ ಕೊಳವೆಯನ್ನು ಆಮೇಲೆ ತನ್ನಿ. ದುಡ್ಡು ಅರ್ಧರ್ಧ ಹಂಚಿದರೂ ತಪ್ಪಿಲ್ಲ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರಿಗೆ ಇದರ ಜೊತೆ ಇನ್ನೂ ಎರಡು ತಕರಾರು ಇವೆ. ಒಂದು, ನಾವಿರುವ ಅಕ್ಷಾಂಶ. ಇನ್ನೊಂದು, ನಮ್ಮ ಕಾಲಡಿಯ ಎರೆಮಣ್ಣು.

ಮೊದಲು ತೂಗಿ, ಆಮೇಲೆ ಅಳೆಯಿರಿ

ಆರು ಇಂಚಿನ, 1200 ಮಿ.ಮೀ. ಫೋಕಲ್ ಲೆಂತ್‌ನ (ಲೆನ್ಸಿನಿಂದ ಬಿಂಬ ಮೂಡುವ ಜಾಗದವರೆಗಿನ ದೂರ) ಕೊಳವೆ, ಅದನ್ನು ಹಿಡಿಯುವ ಬಳೆಗಳ ಸಮೇತ ಸುಮಾರು 11 ಕಿಲೋ ತೂಗುತ್ತದೆ. ಫೈಂಡರ್ (ಗುರಿ ಹುಡುಕುವ ಪುಟ್ಟ ದೂರದರ್ಶಕ), ಎರಡು ಇಂಚಿನ ಡಯಾಗನಲ್ (ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಕನ್ನಡಿ), ದಪ್ಪ ಐಪೀಸ್ (ಕಣ್ಣಿಡುವ ಲೆನ್ಸ್) ಸೇರಿದರೆ 13 ಕಿಲೋ ಹತ್ತಿರ ಬರುತ್ತದೆ. ಈ ಮೊತ್ತವನ್ನು ಬರೆದಿಟ್ಟುಕೊಳ್ಳಿ. ಕೊಳವೆಗೆ ಎದುರು ಬದಿಯಲ್ಲಿ ಸಮತೂಕಕ್ಕೆ ಹಾಕುವ ಕೌಂಟರ್‌ವೇಟ್ ಇದರಲ್ಲಿ ಸೇರಿಸಬೇಡಿ. ಕಂಪನಿಗಳು ಹೇಳುವ ಹೊರುವ ಶಕ್ತಿಯಲ್ಲಿ ಸಾಮಾನ್ಯವಾಗಿ ಅದನ್ನು ಬಿಟ್ಟೇ ಲೆಕ್ಕ ಹಾಕಿರುತ್ತಾರೆ.

ಕಂಪನಿ 20 ಕಿಲೋ ಎಂದರೆ, ಬರೀ ಕಣ್ಣಿಟ್ಟು ನೋಡುವವರು 13–14 ಕಿಲೋ ಎಂದು ತಿಳಿಯಬೇಕು. ಫೋಟೊ ತೆಗೆಯುವವರು 10 ಕಿಲೋ ಎಂದು ತಿಳಿಯುವುದು ಒಳ್ಳೆಯದು. ಸ್ಕೈವಾಚರ್ ಕಂಪನಿಯ ಮೌಂಟ್ ಹೆಸರುಗಳಲ್ಲಿ ಹೇಳುವುದಾದರೆ ಇಕ್ಯೂ5 ಈ ಕೊಳವೆಗೆ ಸಾಲುವುದಿಲ್ಲ. ಎಚ್‌ಇಕ್ಯೂ5 ಹೊರುತ್ತದೆ, ಆದರೆ ಏದುಸಿರು ಬಿಡುತ್ತಾ ಹೊರುತ್ತದೆ. ಇಕ್ಯೂ6 ವರ್ಗಕ್ಕೆ ಹೋದರೆ ನೆಮ್ಮದಿ.

ಇಷ್ಟೇ ಆಗಿದ್ದರೆ ತಕ್ಕಡಿ ಸಾಕಿತ್ತು. ರಿಫ್ರ್ಯಾಕ್ಟರಿನ ನಿಜವಾದ ಕಾಟ ಅದರ ಉದ್ದ. ಒಂದೇ ತೂಕದ ಎರಡು ಕೊಳವೆಗಳಲ್ಲಿ ಒಂದು ಇನ್ನೊಂದರ ಎರಡು ಪಟ್ಟು ಉದ್ದ ಇದ್ದರೆ, ಅದನ್ನು ತಿರುಗಿಸುವುದೂ ನಿಲ್ಲಿಸುವುದೂ ಸುಮಾರು ನಾಲ್ಕು ಪಟ್ಟು ಕಷ್ಟ. ತಲೆಯ ಮೇಲೆ ಉದ್ದನೆಯ ಬಿದಿರು ಗಳ ಅಡ್ಡ ಹೊತ್ತು ಸಂತೆಯಲ್ಲಿ ನಡೆದವರಿಗೆ ಇದು ಗೊತ್ತು, ತೂಕಕ್ಕಿಂತ ತುದಿಗಳೇ ತೊಂದರೆ. ಹಾಗಾಗಿ ಗಿಡ್ಡ ಕೊಳವೆಯ ಕನ್ನಡಿ ಟೆಲಿಸ್ಕೋಪ್ ಇಟ್ಟುಕೊಂಡ ಗೆಳೆಯ ‘ನನ್ನ ಮೌಂಟ್ 13 ಕಿಲೋ ಆರಾಮಾಗಿ ಹೊರುತ್ತದೆ’ ಎಂದರೆ ನಂಬಿ, ಆದರೆ ನಿಮ್ಮ ಕೊಳವೆಗೆ ಆ ಮಾತು ಅನ್ವಯಿಸಬೇಡಿ.

ನಡುನೆತ್ತಿಯ ಲೆಕ್ಕ

ಮೌಂಟ್ ಬಗ್ಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದವು. ಅಲ್ಲಿ ಗ್ರಹಗಳು ದಕ್ಷಿಣದಲ್ಲಿ ಓರೆಯಾಗಿ ಹಾಯುತ್ತವೆ. ನಮ್ಮಲ್ಲಿ ಹಾಗಲ್ಲ. ವಿಜಯಪುರದ ಅಕ್ಷಾಂಶ 16.8 ಡಿಗ್ರಿ, ಬಾಗಲಕೋಟೆಯದು 16.2, ಬೆಳಗಾವಿಯದು 15.9. ಗುರು ಮಿಥುನದಲ್ಲಿದ್ದಾಗ ವಿಜಯಪುರದಲ್ಲಿ ನಡುನೆತ್ತಿಯಿಂದ ಆರೇಳು ಡಿಗ್ರಿಯಷ್ಟೇ ದೂರದಲ್ಲಿ ದಾಟುತ್ತದೆ. ಗ್ರಹ ಚೆನ್ನಾಗಿ ಕಾಣುವ ಹೊತ್ತೂ ಅದೇ. ಆಗ ಕೊಳವೆ ಕಂಬದಂತೆ ನೆಟ್ಟಗೆ ನಿಲ್ಲುತ್ತದೆ, ಅದರ ಹಿಂಬದಿ ಟ್ರೈಪಾಡ್ ಕಾಲಿಗೆ ತಾಗುತ್ತದೆ. ಗ್ರಹದ ಹಿಂದೆಯೇ ಕೊಳವೆ ತಿರುಗಿಸುವ ಮೋಟಾರ್ ಮಾತ್ರ ಸುಮ್ನೆ ತಳ್ಳುತ್ತಲೇ ಇರುತ್ತದೆ.

ಐಪೀಸ್ ಎತ್ತರವೂ ನೋಡಬೇಕು. ಲೆನ್ಸ್ ಮುಂದಿರುವುದರಿಂದ ಕೊಳವೆಯ ಸಮತೋಲ ಮುಂಬದಿಗೆ ಸರಿದಿರುತ್ತದೆ. ಅಂದರೆ ಐಪೀಸ್ ತಿರುಗುವ ಬಿಂದುವಿನಿಂದ ಸುಮಾರು 70 ಸೆಂ.ಮೀ. ಕೆಳಗೆ ಬರುತ್ತದೆ. ಮೌಂಟ್ ತಲೆ ನೆಲದಿಂದ 1.2 ಮೀಟರ್ ಇದ್ದರೆ ನೀವು ಫರಸಿಯ ಮೇಲೆ ಮೊಣಕಾಲೂರಿ ಗುರುವನ್ನು ನೋಡಬೇಕು. ಒಂದೂವರೆ ಮೀಟರ್ ಇದ್ದರೆ ಕುರ್ಚಿ ಸಾಕು.

ಹಾಗಂತ ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆದು ಎತ್ತರಿಸಬೇಡಿ. ಎಳೆದಷ್ಟೂ ನಡುಕ ಜಾಸ್ತಿ. ಕಾಲು ಗಿಡ್ಡ ಇಟ್ಟು, ಮೇಲೆ ಪಿಯರ್ ಎಕ್ಸ್‌ಟೆನ್ಶನ್ ಎಂಬ ದಪ್ಪ ಕೊಳವೆ ಸೇರಿಸಿ. ಅದರಿಂದ ಎತ್ತರವೂ ಸಿಗುತ್ತದೆ, ಹಿಂಬದಿ ಕಾಲಿಗೆ ತಾಗುವುದೂ ತಪ್ಪುತ್ತದೆ. ಬೆಳಗಾವಿಯ ಉದ್ಯಮಬಾಗದಂಥ ಕಡೆ ಲೇತ್ ಕೆಲಸದವರಿಗೆ ಕೊರತೆ ಇಲ್ಲ. ಅಳತೆ ಸರಿಯಾಗಿ ಕೊಟ್ಟರೆ ಎರಡೂ ತುದಿಗೆ ಪ್ಲೇಟ್ ಹಾಕಿ ಮಾಡಿಕೊಡುತ್ತಾರೆ.

ಅಕ್ಷ ಎಷ್ಟು ಕೆಳಗೆ ಬಗ್ಗುತ್ತದೆ?

ಒಂದೇ ಅಕ್ಷ ತಿರುಗಿಸಿ ಗ್ರಹದ ಹಿಂದೆ ಹೋಗುವ ಮೌಂಟಿಗೆ ಈಕ್ವಟೋರಿಯಲ್ ಎನ್ನುತ್ತಾರೆ. ಅದರ ಆ ಅಕ್ಷ ಧ್ರುವ ನಕ್ಷತ್ರದ ಕಡೆ ನೋಡುತ್ತಿರಬೇಕು. ನಮ್ಮಲ್ಲಿ ಧ್ರುವ ಇರುವುದು ದಿಗಂತದಿಂದ 16–17 ಡಿಗ್ರಿ ಮೇಲೆ, ಅಷ್ಟೇ. ಅಕ್ಷ ಹೆಚ್ಚುಕಡಿಮೆ ಮಲಗಿರುತ್ತದೆ. ಕೆಲವು ಮೌಂಟ್ ಇಷ್ಟು ಕೆಳಗೆ ಬಗ್ಗುವುದೇ ಇಲ್ಲ. ಬಗ್ಗಿದರೂ ಕೌಂಟರ್‌ವೇಟ್ ಸರಳು ಉತ್ತರದ ಕಾಲಿಗೆ ಬಡಿಯುವುದುಂಟು. ‘ಕನಿಷ್ಠ ಅಕ್ಷಾಂಶ ಎಷ್ಟು?’ ಎಂದು ಕೇಳದೆ ದುಡ್ಡು ಕೊಡಬೇಡಿ. ಭಾರವೆಲ್ಲ ಉತ್ತರಕ್ಕೆ ವಾಲುವುದರಿಂದ ಒಂದು ಕಾಲು ಉತ್ತರಕ್ಕೇ ಇರಬೇಕು. ಇಲ್ಲೂ ಪಿಯರ್ ಎಕ್ಸ್‌ಟೆನ್ಶನ್ ಕೈಹಿಡಿಯುತ್ತದೆ.

ಉತ್ತರ ದಿಕ್ಕು ತೆರೆದಿದೆಯೇ ಎಂದೂ ನೋಡಿ. ಪಕ್ಕದ ಮನೆಯ ಸಿಂಟೆಕ್ಸ್ ಟ್ಯಾಂಕ್ ನಿಮ್ಮ ಕಣ್ಣಿನ ಮಟ್ಟಕ್ಕಿಂತ 3 ಮೀಟರ್ ಮೇಲಿದ್ದು, 10 ಮೀಟರ್ ದೂರದಲ್ಲಿದ್ದರೆ ಧ್ರುವ ಮರೆಯಾಯಿತು ಎಂದೇ ಲೆಕ್ಕ.

ಇಷ್ಟು ರಗಳೆ ಯಾಕೆ, ಮೇಲೆ-ಕೆಳಗೆ, ಎಡ-ಬಲ ತಿರುಗುವ ಸರಳ ಆಲ್ಟ್-ಅಜಿಮತ್ ಸಾಕಲ್ವಾ? ಚಂದ್ರ, ನಕ್ಷತ್ರಗುಚ್ಛ ನೋಡಲು ಖಂಡಿತ ಸಾಕು. ಗ್ರಹಕ್ಕೆ 200 ಪಟ್ಟು ಹಿಗ್ಗಿಸಿದಾಗ ಸಾಧಾರಣ ಐಪೀಸಿನಲ್ಲಿ ಕಾಣುವ ಆಕಾಶ ಕಾಲು ಡಿಗ್ರಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಗ್ರಹ ಒಂದೇ ನಿಮಿಷದಲ್ಲಿ ಆಚೆ ಹೋಗುತ್ತದೆ. ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ತೋರಿಸುವವರಿಗೆ ಮೋಟಾರ್ ಬೇಕೇ ಬೇಕು. ಅಂದಹಾಗೆ, ರಿಫ್ರ್ಯಾಕ್ಟರಿಗೂ, ಒಂದು ಕಡೆ ಕೊಳವೆ ಇನ್ನೊಂದು ಕಡೆ ಕೌಂಟರ್‌ವೇಟ್ ಇರುವ ಜರ್ಮನ್ ಈಕ್ವಟೋರಿಯಲ್ ಮೌಂಟಿಗೂ ನಂಟು ಹಳೆಯದು. ಜರ್ಮನಿಯ ಲೆನ್ಸ್ ತಯಾರಕ ಫ್ರೌನ್‌ಹೋಫರ್ 1824ರಲ್ಲಿ ದೋರ್ಪಾತ್ (ಇಂದಿನ ಎಸ್ಟೋನಿಯಾದ ತಾರ್ತು) ವೀಕ್ಷಣಾಲಯಕ್ಕೆ ಮಾಡಿಕೊಟ್ಟ 24 ಸೆಂ.ಮೀ. ರಿಫ್ರ್ಯಾಕ್ಟರ್ ನಿಂತದ್ದು ಇಂಥ ಮೌಂಟಿನ ಮೇಲೆಯೇ.

ಎರೆಮಣ್ಣು, ಮಾಳಿಗೆ

ಹಿತ್ತಲಲ್ಲಿ ಕಾಯಂ ಕಂಬ ನೆಡುವುದಾದರೆ ಮಣ್ಣು ನೋಡಿ. ಎರೆಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರಲ್ಲಿ ಎರಡಡಿ ಕಾಂಕ್ರೀಟ್ ಹಾಕಿ ಧ್ರುವಕ್ಕೆ ಹೊಂದಿಸಿದರೆ ಮುಂದಿನ ಹಂಗಾಮಿಗೆ ಕಂಬ ಓರೆಯಾಗಿರುತ್ತದೆ. ಗರಸು ಸಿಗುವವರೆಗೆ ಅಗೆಯಿರಿ. ತೀರಾ ಆಳ ಇದ್ದರೆ ಆ ಜಾಗದ ಆಸೆ ಬಿಡಿ. ಕಂಬಕ್ಕೆ ಆರರಿಂದ ಎಂಟು ಇಂಚಿನ ಕಬ್ಬಿಣದ ಪೈಪ್ ಆರಿಸಿ. ಗೋಡೆಯ ದಪ್ಪ ಅಷ್ಟೇ ಇದ್ದು ಅಗಲ ಎರಡು ಪಟ್ಟಾದರೆ ಪೈಪಿನ ಬಿಗುವು ಸುಮಾರು ಎಂಟು ಪಟ್ಟು ಹೆಚ್ಚುತ್ತದೆ. ಒಳಗೆ ಒಣ ಉಸುಕು ತುಂಬಿದರೆ ಕಂಪನ ಬೇಗ ಸಾಯುತ್ತದೆ. ಸುತ್ತಲಿನ ಫರಸಿಗೂ ಕಂಬದ ಬುಡಕ್ಕೂ ಸಂದು ಬಿಡುವುದು ಮರೆಯಬೇಡಿ, ಇಲ್ಲದಿದ್ದರೆ ನಿಮ್ಮ ಹೆಜ್ಜೆ ಸಪ್ಪಳವೇ ಐಪೀಸಿನಲ್ಲಿ ಕಾಣುತ್ತದೆ.

ಮಾಳಿಗೆಯಲ್ಲೂ ಇದೇ ಮಾತು. ಸ್ಲ್ಯಾಬಿನ ನಟ್ಟನಡುವೆ ಇಡಬೇಡಿ. ಕೆಳಗೆ ಕಾಲಮ್ಮು ಅಥವಾ ದಪ್ಪ ಗೋಡೆ ಇರುವ ಮೂಲೆ ಹುಡುಕಿ.

ದುಡ್ಡು ಕೊಡುವ ಮೊದಲು

ಹಳೆಯ ಮೌಂಟ್ ಕೊಳ್ಳುವವರು ಕೊಳವೆ ಹೊತ್ತುಕೊಂಡೇ ಹೋಗಿ. ಕೂರಿಸಿ, ಒಂದು ನಕ್ಷತ್ರಕ್ಕೋ ದೂರದ ದೀಪಕ್ಕೋ ಹಿಡಿದು, 150 ಪಟ್ಟು ಹಿಗ್ಗಿಸಿ, ಕೊಳವೆಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ನಡುಕ ಎರಡು ಸೆಕೆಂಡಿನೊಳಗೆ ನಿಂತರೆ ಒಳ್ಳೆಯ ಮಾಲು. ಐದು ಸೆಕೆಂಡ್ ದಾಟಿದರೆ ಚಹಾ ಕುಡಿದು ವಾಪಸ್ ಬನ್ನಿ. ಎರಡೂ ಅಕ್ಷಗಳನ್ನು ಕೈಯಿಂದ ಅಲ್ಲಾಡಿಸಿ, ಸಡಿಲ ಇದೆಯೇ ನೋಡಿ. ಕೊಳವೆ ಹಿಡಿಯುವ ಪಟ್ಟಿ ಅಗಲವಾದ ಲಾಸ್‌ಮಂಡಿ ಮಾದರಿಯದಾಗಿರಲಿ. ಕಿರಿದಾದ ವಿಕ್ಸನ್ ಪಟ್ಟಿ ಇಷ್ಟು ಉದ್ದದ ಕೊಳವೆಗೆ ಬಿಗಿಯಾಗದು.

ಮನೆಗೆ ತಂದ ಮೇಲೆ ಜೋಡಿಸುವ ಕ್ರಮ ಒಂದೇ. ಮೊದಲು ಕೌಂಟರ್‌ವೇಟ್, ಆಮೇಲೆ ಕೊಳವೆ. ಕಳಚುವಾಗ ಕೊಳವೆ ಮೊದಲು. ಸರಳಿನ ತುದಿಯ ಸೇಫ್ಟಿ ಸ್ಕ್ರೂ ಯಾವಾಗಲೂ ಹಾಕಿರಬೇಕು. ಐದು ಕಿಲೋ ಕಬ್ಬಿಣ ಜಾರಿ ಕತ್ತಲಲ್ಲಿ ಬೀಳುವುದು ನಿಮ್ಮ ಕಾಲಿನ ಮೇಲೆಯೇ.