ಚಳಿಗಡಲಿನ ಹಡಗಿನಲ್ಲಿ ರಾತ್ರಿಯೂಟಕ್ಕೆ ಏನು ಉಡಬೇಕು?

ಸಿಯಾಟಲ್‌ನಲ್ಲೋ ವ್ಯಾಂಕೂವರ್‌ನಲ್ಲೋ ನೆಲೆಸಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗುವ ಬೆಂಗಳೂರಿನ ತಂದೆತಾಯಿಯರಲ್ಲಿ ಅನೇಕರು ಅಲ್ಲಿಂದಲೇ ಹೊರಡುವ ಅಲಾಸ್ಕಾ ಹಡಗು ಪ್ರವಾಸಕ್ಕೂ ಒಂದು ವಾರ ಮೀಸಲಿಡುತ್ತಾರೆ. ಬರ್ಗೆನ್‌ನಿಂದ ಹೊರಟು ನಾರ್ವೆಯ ಕರಾವಳಿಯುದ್ದಕ್ಕೂ ಸಾಗುವ ಹಡಗುಗಳನ್ನು ಹತ್ತುವವರೂ ಇದ್ದಾರೆ. ಇಂಥ ಪ್ರವಾಸಕ್ಕೆ ಪೆಟ್ಟಿಗೆ ಕಟ್ಟುವಾಗ ಹಗಲಿನ ಉಡುಪಿನ ಬಗ್ಗೆ ಹೆಚ್ಚು ಗೊಂದಲವಿರುವುದಿಲ್ಲ. ಜಾಕೆಟ್, ಉಣ್ಣೆಯ ಟೋಪಿ, ಕೈಗವಸು ಎಂದು ಮಕ್ಕಳೇ ಪಟ್ಟಿ ಕಳುಹಿಸಿರುತ್ತಾರೆ. ತೊಡಕಿರುವುದು ರಾತ್ರಿಯೂಟದ ಉಡುಪಿನಲ್ಲಿ. ಕಿಟಕಿಯ ಆಚೆ ಹಿಮನದಿ, ಈಚೆ ಬಿಳಿಯ ಮೇಜುಬಟ್ಟೆ ಹಾಸಿದ ಊಟದ ಕೋಣೆ. ಎರಡಕ್ಕೂ ಹೊಂದುವಂಥದ್ದನ್ನು ಹುಡುಕುತ್ತಾ ಜನ ಬೇಡದ ಖರ್ಚು ಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಊಟದ ಸಲುವಾಗಿ ಹೊಸ ಚಳಿಯುಡುಪು ಕೊಳ್ಳಬೇಕಾಗಿಯೇ ಇಲ್ಲ. ಮದುವೆಯ ಆರತಕ್ಷತೆಗೆಂದು ಬೀರುವಿನಲ್ಲಿ ಇಟ್ಟಿರುವ ಬಟ್ಟೆಯೇ ಸಾಕು. ಅದರ ಒಳಗೆ ಏನು ತೊಡಬೇಕು, ಮೇಲೆ ಏನು ಹೊದೆಯಬೇಕು ಎಂಬುದನ್ನು ಮಾತ್ರ ಯೋಚಿಸಬೇಕು.

ಮೊದಲು ಹಡಗಿನ ರೂಢಿ ತಿಳಿಯಿರಿ

ಟಿಕೆಟ್ ಕಾಯ್ದಿರಿಸಿದ ಕೂಡಲೇ ಆ ಹಡಗು ಕಂಪನಿಯ ಜಾಲತಾಣದಲ್ಲಿ ಉಡುಪಿನ ನಿಯಮವನ್ನು ಓದಿಕೊಳ್ಳಬೇಕು, ಏಕೆಂದರೆ ಒಂದು ಕಂಪನಿಯ ರೂಢಿ ಇನ್ನೊಂದಕ್ಕೆ ಹೊಂದುವುದಿಲ್ಲ. ಕುನಾರ್ಡ್ ಹಡಗುಗಳಲ್ಲಿ ‘ಗಾಲಾ’ ಸಂಜೆಗಳಿರುತ್ತವೆ; ಅಂದು ಗಂಡಸರು ಕಪ್ಪು ಸೂಟಿನಲ್ಲಿ, ಹೆಂಗಸರು ಉದ್ದನೆಯ ಗೌನಿನಲ್ಲಿ ಬರುವುದು ವಾಡಿಕೆ. ಪ್ರಿನ್ಸೆಸ್ ಹಾಗೂ ಹಾಲೆಂಡ್ ಅಮೆರಿಕ ಹಡಗುಗಳಲ್ಲಿ ಒಂದು ವಾರದ ಪ್ರವಾಸಕ್ಕೆ ಒಂದೋ ಎರಡೋ ಸಂಜೆಗಳು ವಿಶೇಷ ಅಲಂಕಾರಕ್ಕೆಂದು ಮೀಸಲಾಗಿರುತ್ತವೆ. ನಾರ್ವೇಜಿಯನ್ ಕ್ರೂಸ್ ಲೈನ್‌ನಲ್ಲಿ ಅಂಥ ಕಡ್ಡಾಯವಿಲ್ಲ. ಬರ್ಗೆನ್ ಮತ್ತು ಕಿರ್ಕೆನೆಸ್ ನಡುವೆ ಓಡಾಡುವ ಹುರ್ಟಿಗ್ರೂಟನ್‌ನ ಕರಾವಳಿ ಹಡಗುಗಳಲ್ಲಿಯೂ, ಅಂಟಾರ್ಕ್ಟಿಕಾಕ್ಕೆ ಹೋಗುವ ಸಣ್ಣ ಅನ್ವೇಷಣಾ ಹಡಗುಗಳಲ್ಲಿಯೂ ಸ್ವೆಟರ್ ಮತ್ತು ಪ್ಯಾಂಟಿನಲ್ಲೇ ಎಲ್ಲರೂ ಊಟಕ್ಕೆ ಕೂರುತ್ತಾರೆ. ಅಲ್ಲಿಗೆ ರೇಷ್ಮೆ ಸೀರೆ ಹೊತ್ತುಕೊಂಡು ಹೋಗಬೇಕಾಗಿಲ್ಲ.

ಉಳಿದ ಸಂಜೆಗಳಿಗೆ ಬಹುತೇಕ ಕಂಪನಿಗಳು ‘ಸ್ಮಾರ್ಟ್ ಕ್ಯಾಶುಯಲ್’ ಎಂದು ಬರೆದಿರುತ್ತವೆ. ಗಂಡಸರಿಗೆ ಕಾಲರ್ ಇರುವ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ಮುಚ್ಚಿದ ಷೂ. ಹೆಂಗಸರಿಗೆ ಸಲ್ವಾರ್ ಕಮೀಜ್, ಕುರ್ತಾ ಅಥವಾ ಸಾದಾ ಸೀರೆ ಇದ್ದರೆ ಆಯಿತು. ಹರಿದ ಜೀನ್ಸ್, ಚಡ್ಡಿ, ಹವಾಯಿ ಚಪ್ಪಲಿ ಮುಖ್ಯ ಊಟದ ಕೋಣೆಗೆ ಸಲ್ಲುವುದಿಲ್ಲ. ಅಲಂಕಾರದ ಗೊಡವೆಯೇ ಬೇಡವೆನ್ನುವವರು ಬಫೆಗೆ ಹೋಗಬಹುದು; ವಿಶೇಷ ಸಂಜೆಗಳಲ್ಲಿಯೂ ಅಲ್ಲಿ ನಿಯಮ ಸಡಿಲ.

ಸಂಜೆಗಳನ್ನು ಎಣಿಸಿ ಹಂಚಿಕೊಳ್ಳಿ

ಪ್ರವಾಸದ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಹಡಗು ಯಾವ ದಿನ ಬಂದರಿನಲ್ಲಿರುತ್ತದೆ, ಯಾವ ದಿನ ಪೂರ್ತಿ ಸಮುದ್ರದಲ್ಲಿರುತ್ತದೆ ಎಂದು ಗುರುತು ಮಾಡಿಕೊಳ್ಳಿ. ವಿಶೇಷ ಸಂಜೆ ಸಾಮಾನ್ಯವಾಗಿ ಸಮುದ್ರದ ದಿನಕ್ಕೇ ಬರುತ್ತದೆ, ಏಕೆಂದರೆ ಅಂದು ಸಿದ್ಧರಾಗಲು ಎಲ್ಲರಿಗೂ ಬಿಡುವಿರುತ್ತದೆ. ಅಲಾಸ್ಕಾದ ಜೂನೋ, ಸ್ಕಾಗ್ವೇ, ಕೆಚಿಕನ್ ಬಂದರುಗಳಲ್ಲಿ ಇಳಿದು ಮಳೆಯಲ್ಲಿ ನೆನೆದು ಮರಳಿದ ಸಂಜೆ ಯಾರಿಗೂ ನೆರಿಗೆ ಹಿಡಿಯುವ ತಾಳ್ಮೆ ಇರುವುದಿಲ್ಲ. ಅಂಥ ದಿನಗಳಿಗೆ ಎರಡು ಜೊತೆ ಕುರ್ತಾ ಇದ್ದರೆ ದುಪಟ್ಟಾ ಬದಲಿಸಿಕೊಂಡು ನಾಲ್ಕು ಸಂಜೆ ಕಳೆಯಬಹುದು. ಏಳು ರಾತ್ರಿಯ ಪ್ರವಾಸಕ್ಕೆ ಎರಡು ಒಳ್ಳೆಯ ಉಡುಪು, ಎರಡು ಅಥವಾ ಮೂರು ಸಾದಾ ಉಡುಪು ಸಾಕೆಂಬುದು ನನ್ನ ಲೆಕ್ಕ.

ಮೊದಲ ಸಂಜೆಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆ ಕೆಲವೊಮ್ಮೆ ಊಟದ ಹೊತ್ತು ಮೀರಿದ ಮೇಲೆ ಕೋಣೆಯ ಬಾಗಿಲಿಗೆ ಬರುವುದುಂಟು. ಆದ್ದರಿಂದ ಆ ರಾತ್ರಿಯ ಬಟ್ಟೆಯನ್ನೂ ಒಂದು ಸ್ವೆಟರನ್ನೂ ಕೈಚೀಲದಲ್ಲಿಯೇ ಇಟ್ಟುಕೊಂಡಿರಬೇಕು.

ಒಳಗಿನ ಬಿಸಿಗೆ ಉಡಿ, ಹೊರಗಿನ ಗಾಳಿಗೆ ಹೊದೆಯಿರಿ

ಬೆಂಗಳೂರಿನವರು ಎಡವುವುದು ಇಲ್ಲಿಯೇ. ನಮ್ಮ ಮನೆಗಳನ್ನು ಬಿಸಿ ಮಾಡುವ ವ್ಯವಸ್ಥೆ ಇಲ್ಲದಿರುವುದರಿಂದ ಡಿಸೆಂಬರ್ ಜನವರಿಯಲ್ಲಿ ನಾವು ಮನೆಯೊಳಗೂ ಸ್ವೆಟರ್ ಹಾಕಿಕೊಂಡೇ ಇರುತ್ತೇವೆ. ಚಳಿ ಎಂದರೆ ಒಳಗೂ ಹೊರಗೂ ಒಂದೇ ಎಂಬ ಅಭ್ಯಾಸ ನಮ್ಮದು. ಚಳಿನಾಡಿನ ಹಡಗಿನಲ್ಲಿ ಹಾಗಲ್ಲ. ಊಟದ ಕೋಣೆಯನ್ನು ಸಾಮಾನ್ಯ ಅಂಗಿಯಲ್ಲಿ ಆರಾಮವಾಗಿ ಕೂರುವಷ್ಟು ಬೆಚ್ಚಗೆ ಇಟ್ಟಿರುತ್ತಾರೆ. ದಪ್ಪ ಉಣ್ಣೆಯ ಕೋಟು ತೊಟ್ಟು ಕೂತವರು ಸೂಪು ಮುಗಿಯುವಷ್ಟರಲ್ಲಿ ಬೆವರುತ್ತಾರೆ, ಮತ್ತು ಬೆವರಿದ ಮೈಯಲ್ಲಿ ಡೆಕ್ಕಿಗೆ, ಅಂದರೆ ಹಡಗಿನ ಹೊರಗಿನ ತೆರೆದ ಅಂತಸ್ತಿಗೆ, ಹೋದರೆ ಚಳಿ ಇನ್ನಷ್ಟು ಕೊರೆಯುತ್ತದೆ.

ಹೊರಗಿನ ಚಳಿಯನ್ನೂ ಅಂಕಿಗಳಲ್ಲಿಯೇ ನೋಡೋಣ. ಜುಲೈನಲ್ಲಿ ಜೂನೋದ ಹಗಲಿನ ತಾಪಮಾನ ಹದಿನೇಳು ಹದಿನೆಂಟು ಡಿಗ್ರಿಯವರೆಗೆ ಏರುತ್ತದೆ, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನ ಜನವರಿಯ ಮುಂಜಾನೆಯಷ್ಟು. ನಮ್ಮ ನಗರದ ದಾಖಲೆಯ ಕನಿಷ್ಠ ತಾಪಮಾನ 1884ರ ಜನವರಿ 13ರಂದು ದಾಖಲಾದ 7.8 ಡಿಗ್ರಿ, ಹಿಮನದಿಯ ಸಮೀಪ ಬೇಸಿಗೆಯ ಸಂಜೆಯಲ್ಲಿಯೂ ಅಷ್ಟು ಚಳಿ ಇರಬಹುದು. ಆದರೆ ಮೈಗೆ ತಾಗುವ ಚಳಿಯನ್ನು ಹೆಚ್ಚಿಸುವುದು ಗಾಳಿ. ಇಪ್ಪತ್ತು ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 37 ಕಿಲೋಮೀಟರಿನಂತೆ ಸಾಗುವ ಹಡಗಿನ ತೆರೆದ ಡೆಕ್ಕಿನಲ್ಲಿ, ಗಾಳಿಯೇ ಬೀಸದ ದಿನವೂ ಅಷ್ಟೇ ವೇಗದ ಗಾಳಿ ಮುಖಕ್ಕೆ ಹೊಡೆಯುತ್ತದೆ. ಆಗ 10 ಡಿಗ್ರಿಯ ಚಳಿ 6 ಡಿಗ್ರಿಯಂತೆಯೂ, 5 ಡಿಗ್ರಿಯ ಚಳಿ ಸೊನ್ನೆಯಂತೆಯೂ ಅನ್ನಿಸುತ್ತದೆ. ಆದ್ದರಿಂದ ಗಾಳಿ ತಡೆಯುವ ಒಂದು ಮೇಲುಡುಪು ಮೂರು ಸ್ವೆಟರಿಗಿಂತ ಹೆಚ್ಚು ಉಪಯುಕ್ತ.

ಹಾಗಾದರೆ ಊಟದ ನಡುವೆ ಡೆಕ್ಕಿಗೇಕೆ ಹೋಗಬೇಕು ಎಂದು ಕೇಳಬಹುದು. ಜೂನ್ ತಿಂಗಳಿನಲ್ಲಿ ಜೂನೋದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ, ಹೀಗಾಗಿ ತಿಮಿಂಗಿಲ ಕಾಣಿಸಿತೆಂಬ ಘೋಷಣೆ ಊಟದ ಹೊತ್ತಿಗೇ ಬರಬಹುದು. ನಾರ್ವೆಯ ಉತ್ತರ ಕರಾವಳಿಯಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಧ್ರುವಪ್ರಭೆ ಮೂಡಿದಾಗ ಹಡಗಿನವರು ಧ್ವನಿವರ್ಧಕದಲ್ಲಿ ಕರೆಯುತ್ತಾರೆ. ಅಷ್ಟು ದೂರ ಹೋಗಿರುವುದೇ ಅದಕ್ಕಾಗಿ; ತಟ್ಟೆಯನ್ನು ಬಿಟ್ಟು ಐದು ನಿಮಿಷ ಹೊರಗೆ ನಿಲ್ಲಲು ಸಾಧ್ಯವಾಗದ ಉಡುಪನ್ನು, ಅದು ಎಷ್ಟೇ ಸುಂದರವಾಗಿರಲಿ, ನಾನು ಶಿಫಾರಸು ಮಾಡಲಾರೆ.

ಸೀರೆ ಉಡುವವರಿಗೆ

ವಿಶೇಷ ಸಂಜೆಗೆ ಸೀರೆಗಿಂತ ಒಳ್ಳೆಯ ಉಡುಪಿಲ್ಲ, ಸೀರೆಗಳಲ್ಲಿ ಈ ಪ್ರವಾಸಕ್ಕೆ ಮೈಸೂರು ರೇಷ್ಮೆಯಷ್ಟು ಹೊಂದುವುದು ಇನ್ನೊಂದಿಲ್ಲ. ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ಕಾರ್ಖಾನೆಯ ಪರಂಪರೆಯನ್ನು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ (ಕೆಎಸ್‌ಐಸಿ) ಇಂದಿಗೂ ನಡೆಸಿಕೊಂಡು ಬಂದಿದೆ. ಇದರ ಕ್ರೇಪ್ ಬಟ್ಟೆಯನ್ನು ಚೆನ್ನಾಗಿ ಹುರಿಮಾಡಿದ ನೂಲಿನಿಂದ ನೇಯುವುದರಿಂದ ಮಡಿಕೆಯ ಗೆರೆಗಳು ಬೇಗ ಕೂರುವುದಿಲ್ಲ, ಮೈಗೆ ಜೋಲಿ ಬೀಳುತ್ತದೆ, ಪೆಟ್ಟಿಗೆಯಲ್ಲಿ ಹೆಚ್ಚು ಜಾಗ ಹಿಡಿಯುವುದಿಲ್ಲ. ಮಡಿಕೆ ಕೂರದಿರುವುದು ಸಣ್ಣ ಅನುಕೂಲವಲ್ಲ. ಬೆಂಕಿಯ ಅಪಾಯದ ಕಾರಣ ಹಡಗಿನ ಕೋಣೆಗಳಲ್ಲಿ ಇಸ್ತ್ರಿಪೆಟ್ಟಿಗೆ, ಸ್ಟೀಮರ್ ಬಳಸುವಂತಿಲ್ಲ, ಮತ್ತು ಇಸ್ತ್ರಿ ಇರುವ ಸ್ವಯಂಸೇವೆಯ ಲಾಂಡ್ರಿ ಎಲ್ಲ ಹಡಗುಗಳಲ್ಲಿಯೂ ಇರುವುದಿಲ್ಲ. ದಪ್ಪ ಜರಿಯ ಕಾಂಚೀಪುರಂ ಸೀರೆ ಭಾರ. ಇಕ್ಕಟ್ಟಾಗಿ ತುರುಕಿದರೆ ಜರಿಗೂ ಒಳ್ಳೆಯದಲ್ಲ. ಪಾಲಿಯೆಸ್ಟರ್ ಸೀರೆ ಹಗುರವಾದರೂ, ಬಿಸಿ ಮಾಡಿದ ಒಣಗಾಳಿಯಲ್ಲಿ ಸ್ಥಿರ ವಿದ್ಯುತ್ತಿನಿಂದ ಕಾಲಿಗೆ ಅಂಟಿಕೊಳ್ಳುತ್ತದೆ.

ಬೆಚ್ಚಗಿರಿಸುವ ಕೆಲಸವನ್ನು ಒಳಗಿನ ಬಟ್ಟೆಗೆ ಬಿಡಿ. ಲಂಗದ ಒಳಗೆ ತೆಳುವಾದ ಮೆರಿನೋ ಉಣ್ಣೆಯ ಅಥವಾ ಥರ್ಮಲ್ ಲೆಗ್ಗಿಂಗ್ಸ್ ತೊಟ್ಟರೆ ಹೊರಗೆ ಯಾರಿಗೂ ತಿಳಿಯುವುದಿಲ್ಲ. ರವಿಕೆಯನ್ನು ಉದ್ದ ತೋಳಿನದಾಗಿ, ಕತ್ತಿನ ಹಿಂಭಾಗ ಮುಚ್ಚುವಂತೆ ಹೊಲಿಸಿಕೊಂಡರೆ ಅರ್ಧ ಚಳಿ ಅಲ್ಲಿಯೇ ನಿಲ್ಲುತ್ತದೆ. ಹೊರಡುವ ತಿಂಗಳ ಮೊದಲೇ ನಿಮ್ಮ ಬಡಾವಣೆಯ ಟೈಲರಿಗೆ ಕೊಟ್ಟು, ಒಳಗೆ ತೆಳು ಥರ್ಮಲ್ ತೊಟ್ಟೇ ಅಳತೆ ಕೊಡಿ, ಇಲ್ಲವಾದರೆ ಅಲ್ಲಿ ರವಿಕೆ ಬಿಗಿಯಾಗುತ್ತದೆ. ಊಟದ ಕೋಣೆಗೆ ಪಶ್ಮೀನಾ ಶಾಲು ಹೊದೆದು ಹೋಗಿ, ಬೆಚ್ಚಗಾದಾಗ ಕುರ್ಚಿಯ ಬೆನ್ನಿಗೆ ಹಾಕಬಹುದು. ಅಜ್ಜಿಯ ಕಾಲದ ಶಹತೂಶ್ ಶಾಲು ಮನೆಯಲ್ಲಿದ್ದರೆ ಅದನ್ನು ಮಾತ್ರ ಒಯ್ಯಬೇಡಿ. ಅದು ಟಿಬೆಟಿನ ಚಿರು ಎಂಬ ಜಿಂಕೆಯಂಥ ಪ್ರಾಣಿಯನ್ನು ಕೊಂದು ತೆಗೆದ ಉಣ್ಣೆ. ಅದರ ವ್ಯಾಪಾರ ಭಾರತದಲ್ಲಿಯೂ ಅಂತರರಾಷ್ಟ್ರೀಯ ಒಪ್ಪಂದದಡಿಯಲ್ಲಿಯೂ ನಿಷಿದ್ಧವಾಗಿದ್ದು, ಗಡಿ ದಾಟಿಸಿದರೆ ತೊಂದರೆಗೆ ಸಿಲುಕುತ್ತೀರಿ.

ಡೆಕ್ಕಿಗೆ ಹೋಗುವ ಮುನ್ನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೋಟಿನೊಳಗೆ ಸೇರಿಸಬೇಕು. ಹೊರಬಾಗಿಲುಗಳ ಹೊಸ್ತಿಲು ಎತ್ತರವಾಗಿರಬಹುದು, ನೆಲ ಒದ್ದೆಯಾಗಿರುತ್ತದೆ. ಸೀರೆಯನ್ನು ಪಾದದ ಗಂಟು ಕಾಣುವಷ್ಟು ಮೇಲಕ್ಕೆ ಉಟ್ಟರೆ ನೆರಿಗೆ ತುಳಿಯುವ ಭಯವಿಲ್ಲ. ಎತ್ತರದ ಸೂಜಿಹಿಮ್ಮಡಿ ಬೇಡ. ತೂಗುವ ಹಡಗಿನಲ್ಲಿ, ವಿಶೇಷವಾಗಿ ಅರವತ್ತು ದಾಟಿದವರಿಗೆ, ಜಾರದ ಅಟ್ಟೆಯ ಮುಚ್ಚಿದ ಷೂವೇ ಸರಿ, ಮತ್ತು ಕಾಲುಚೀಲ ಹಾಕಿಕೊಳ್ಳಲು ಸಂಕೋಚಪಡಬಾರದು.

ಗಂಡಸರಿಗೆ, ಮಕ್ಕಳಿಗೆ

ಗಂಡಸರಿಗೆ ಒಂದು ಗಾಢ ಬಣ್ಣದ ಬಂದ್‌ಗಲಾ ಕೋಟು ಇದ್ದರೆ ಟೈ ಕಟ್ಟುವ ಕೆಲಸವೂ ತಪ್ಪುತ್ತದೆ, ಕತ್ತೂ ಬೆಚ್ಚಗಿರುತ್ತದೆ. ಕುನಾರ್ಡ್‌ನಂಥ ಹಡಗನ್ನು ಬಿಟ್ಟರೆ ಕಪ್ಪು ಸೂಟಿಗಾಗಿ ಹಣ ಸುರಿಯಬೇಕಾಗಿಲ್ಲ. ರೇಷ್ಮೆ ಪಂಚೆ ಉಡಬೇಕೆಂಬ ಆಸೆಯಿದ್ದವರು ಅದಕ್ಕೆ ಕೋಟು, ಶಲ್ಯ ಸೇರಿಸಿ ಅವಶ್ಯವಾಗಿ ಉಡಬಹುದು, ಆದರೆ ಒಳಗೆ ಥರ್ಮಲ್ ಇರಲಿ ಮತ್ತು ಡೆಕ್ಕಿನ ಗಾಳಿಗೆ ಪಂಚೆಗಿಂತ ಪ್ಯಾಂಟು ಮೇಲೆಂಬುದನ್ನು ಒಪ್ಪಿಕೊಳ್ಳಬೇಕು. ಮಕ್ಕಳಿಗೆ ಕಾಲರ್ ಅಂಗಿ ಅಥವಾ ಫ್ರಾಕಿನ ಮೇಲೆ ಬಿಚ್ಚಲು ಸುಲಭವಾದ ಕಾರ್ಡಿಗನ್ ಸಾಕು.

ಮನೆಯಲ್ಲಿ ಒಮ್ಮೆ ಉಟ್ಟು ನೋಡಿ

ಹೊರಡುವ ವಾರದ ಒಂದು ಸಂಜೆ, ಒಳಗಿನ ಥರ್ಮಲಿನಿಂದ ಹಿಡಿದು ಷೂವಿನವರೆಗೆ ಎಲ್ಲವನ್ನೂ ತೊಟ್ಟು, ಅರ್ಧ ಗಂಟೆ ಕುರ್ಚಿಯಲ್ಲಿ ಕೂತು, ಮಹಡಿಯ ಮೆಟ್ಟಿಲು ಹತ್ತಿಳಿದು, ಮೇಲೆ ಗಾಳಿತಡೆಯ ಕೋಟನ್ನು ಹಾಕಿ ಗುಂಡಿ ಮುಚ್ಚುತ್ತದೆಯೇ ಎಂದು ನೋಡಿ. ಸೊಂಟದ ಹತ್ತಿರ ಕೋಟು ಬಿಗಿಯಾದರೆ ಒಂದು ಅಳತೆ ದೊಡ್ಡದು ಬೇಕು. ಸೀರೆಯ ನೆರಿಗೆಯ ದಪ್ಪವನ್ನು ಅಂಗಡಿಯಲ್ಲಿ ಜೀನ್ಸ್ ತೊಟ್ಟು ಅಳೆಯಲಾಗದು. ಊಟಕ್ಕೆ ಹೋಗುವಾಗ ಈ ಕೋಟನ್ನು ಕೋಣೆಯಲ್ಲಿ ಬಿಟ್ಟು ಹೋಗದೆ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅದರ ಜೇಬಿನಲ್ಲಿ ಟೋಪಿ, ಕೈಗವಸು, ನಾಲ್ಕು ಸೇಫ್ಟಿ ಪಿನ್ನು ಇಟ್ಟಿರಿ.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳನ್ನು ಮಲಗುವ ಮುನ್ನವೇ ಕೋಣೆಯ ಹೊರಗೆ ಇಡಲು ಹೇಳುತ್ತಾರೆ, ಹಾಗಾಗಿ ಅಂದಿನ ಊಟಕ್ಕೆ ಮರುದಿನ ವಿಮಾನಕ್ಕೂ ಒದಗುವ ಸಾದಾ ಕುರ್ತಾ ಅಥವಾ ಅಂಗಿಯನ್ನೇ ಉಡಿ. ಸೀರೆ, ಬಂದ್‌ಗಲಾ ಹಿಂದಿನ ದಿನವೇ ಮಡಿಚಿ ಪೆಟ್ಟಿಗೆ ಸೇರಿರಲಿ, ಕೋಟು ಮಾತ್ರ ಕೈಯಲ್ಲಿರಲಿ.