ಸಿಲಿಗುರಿಗೆ ಗದಗಿನ ಸವಳು ನೀರು ಹೊತ್ತುಕೊಂಡು ಹೋದ ನನ್ನ ಅನುಭವ

ಗದಗಿನಲ್ಲಿ ನನ್ನದು ಚಹಾಪುಡಿ ವ್ಯಾಪಾರ. ಹೋಟೆಲ್, ಗಾಡಿ, ಹಳ್ಳಿಯ ಕಿರಾಣಿ ಅಂಗಡಿಗಳಿಗೆ ಲೂಸ್ ಪುಡಿ ಹಾಕುತ್ತೇನೆ. ಮೊದಲೆಲ್ಲ ಹುಬ್ಬಳ್ಳಿಯ ಸಗಟು ಅಂಗಡಿಯಿಂದ ಚೀಲ ತರುತ್ತಿದ್ದೆ. ಒಂದು ತಿಂಗಳು ಚಹಾ ಕೆಂಪಗೆ, ಕಡಕ್ ಆಗಿ ಬರುತ್ತಿತ್ತು. ಮುಂದಿನ ತಿಂಗಳು ಅದೇ ಹೆಸರಿನ ಚೀಲದಲ್ಲಿ ಸಪ್ಪೆ ಪುಡಿ. ಹೋಟೆಲಿನವರು ನನ್ನನ್ನು ಕೇಳುತ್ತಿದ್ದರು, ನಾನು ಹುಬ್ಬಳ್ಳಿಯವರನ್ನು ಕೇಳುತ್ತಿದ್ದೆ, ಅವರು 'ಸಿಲಿಗುರಿ ಮಾಲು ಈ ಸಲ ಹಂಗೇ ಬಂದೈತಿ' ಅನ್ನುತ್ತಿದ್ದರು. ವರ್ಷಗಟ್ಟಲೆ ಈ ಮಾತು ಕೇಳಿ ಸಾಕಾಗಿ, 2018ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಹೋಗಿ ಗುವಾಹಟಿ ರೈಲು ಹತ್ತಿದೆ. ಸಿಲಿಗುರಿ ಇರೋದು ಪಶ್ಚಿಮ ಬಂಗಾಳದ ಉತ್ತರ ಭಾಗದಲ್ಲಿ, ಅಲ್ಲಿಗೆ ಹೋಗಲು ನ್ಯೂ ಜಲ್ಪಾಯ್‌ಗುರಿ ಸ್ಟೇಷನ್ನಿನಲ್ಲಿ ಇಳಿಯಬೇಕು. ಎರಡು ದಿನದ ಹತ್ತಿರದ ದಾರಿ.

ಅಲ್ಲಿಗೆ ಹೋದ ಮೇಲೆ ಮೊದಲು ಗೊತ್ತಾಗಿದ್ದು, 'ಸಿಲಿಗುರಿ ಚಹಾ' ಅಂತ ಒಂದು ಚಹಾ ಇಲ್ಲವೇ ಇಲ್ಲ. ಊರಿನ ಸುತ್ತ ಬೆಟ್ಟದ ಬುಡದ ತೆರಾಯಿ ಸೀಮೆಯ ತೋಟಗಳು, ತೀಸ್ತಾ ಹೊಳೆ ದಾಟಿದರೆ ಡೂವರ್ಸ್ ಸೀಮೆಯ ತೋಟಗಳು. ಎಲ್ಲದರ ಪುಡಿ ಇಲ್ಲಿಗೆ ಬಂದು ಇಲ್ಲಿಂದ ಹೊರಡುತ್ತದೆ. ಚಹಾ ಒಂದೇ ಅಲ್ಲ, ಆ ಊರಿಗೆ ಬರುವುದೆಲ್ಲ ಹಾಗೇ. ಪಾಣಿಟಂಕಿಯಲ್ಲಿ ಮೇಚಿ ನದಿಯ ಸೇತುವೆ ದಾಟಿದರೆ ನೇಪಾಳ. ಫುಲ್ಬಾರಿಯಲ್ಲಿ ಬಾಂಗ್ಲಾದೇಶದ ಗಡಿ, ಪೂರ್ವಕ್ಕೆ ಜೈಗಾಂವ್ ತನಕ ಹೋದರೆ ಭೂತಾನ್, ಉತ್ತರಕ್ಕೆ ಸಿಕ್ಕಿಂ ದಾರಿ. ಈಶಾನ್ಯ ರಾಜ್ಯಗಳನ್ನು ಉಳಿದ ದೇಶಕ್ಕೆ ಜೋಡಿಸುವ ಜಾಗಕ್ಕೆ ನಕ್ಷೆಯಲ್ಲಿ ಕೋಳಿ ಕುತ್ತಿಗೆ ಅಂತಾರಲ್ಲ, ಅತಿ ಕಿರಿದಾದ ಕಡೆ 20 ಕಿಲೋಮೀಟರ್ ಆಸುಪಾಸಿನ ಆ ಪಟ್ಟಿಯಲ್ಲಿ ಈ ಊರು ಕೂತಿದೆ. 1947ರಲ್ಲಿ ದೇಶ ಒಡೆದಾಗ ಕಲ್ಕತ್ತಾದಿಂದ ಬರುತ್ತಿದ್ದ ಹಳೇ ರೈಲು ದಾರಿ ಪೂರ್ವ ಪಾಕಿಸ್ತಾನದೊಳಗೆ ಸೇರಿಹೋಯಿತು. ಅಸ್ಸಾಮಿಗೆ ಹೊಸ ಹಳಿ ಹಾಕಬೇಕಾಯಿತು. 1950ರಲ್ಲಿ ಶುರುವಾದ ಆ ದಾರಿಯೂ ಸಿಲಿಗುರಿ ಮೇಲೆಯೇ ಹೋಯಿತು. ಆಮೇಲೆ ಈಶಾನ್ಯಕ್ಕೆ ರೈಲಿನಲ್ಲಿ, ಲಾರಿಯಲ್ಲಿ ಹೋಗುವ ಉಪ್ಪು, ಸಿಮೆಂಟು, ಔಷಧಿ ಎಲ್ಲಕ್ಕೂ ಇದೇ ಬಾಗಿಲು. ಊರು ಬೆಳೆದದ್ದು ಹೀಗೆ. ಬೆಳೆದ ಸ್ಪೀಡಿಗೆ ರಸ್ತೆ ಸಾಲದೆ, ಟೋಟೊ ಅನ್ನುವ ಬ್ಯಾಟರಿ ರಿಕ್ಷಾಗಳ ನಡುವೆ ಹಿಲ್‌ಕಾರ್ಟ್ ರಸ್ತೆಯಲ್ಲಿ ಅರ್ಧ ಗಂಟೆ ನಿಂತಲ್ಲೇ ನಿಂತಿರುತ್ತೀರಿ.

ಸಿಲಿಗುರಿಯ ಚಹಾ ಹರಾಜು ಕೇಂದ್ರ 1976ರಲ್ಲಿ ಶುರುವಾಗಿದ್ದು. ಹರಾಜು ಅಂದರೆ ಕೂಗಾಟ ಇರುತ್ತದೆ ಅಂದುಕೊಂಡಿದ್ದೆ. ಈಗ ಎಲ್ಲ ಕಂಪ್ಯೂಟರಿನಲ್ಲಿ. ನೇರವಾಗಿ ಕೊಳ್ಳಬೇಕಾದರೆ ಸರ್ಕಾರದ ಟೀ ಬೋರ್ಡಿನಲ್ಲಿ ಖರೀದಿದಾರನಾಗಿ ನೋಂದಣಿ ಬೇಕು, ಹರಾಜಿನಲ್ಲಿ ಹಿಡಿದ ಮಾಲಿಗೆ ಎರಡು ವಾರದಲ್ಲಿ ದುಡ್ಡು ಕಟ್ಟಬೇಕು. ನನ್ನ ಕೈಯಲ್ಲಿ ಅಷ್ಟು ಬಂಡವಾಳ ಇರಲಿಲ್ಲ. ಹಾಗಾಗಿ ನೋಂದಣಿ ಇರುವ ಒಬ್ಬರ ಮೂಲಕ, ಕಿಲೋಗೆ ಇಷ್ಟು ಅಂತ ಕಮಿಷನ್ ಕೊಟ್ಟು ಕೊಳ್ಳಲು ಶುರು ಮಾಡಿದೆ. ಇವತ್ತಿಗೂ ಹಾಗೇ ಮಾಡುತ್ತಿದ್ದೇನೆ. ಸಣ್ಣ ವ್ಯಾಪಾರಿಗೆ ಇದರಲ್ಲಿ ನಷ್ಟವೇನಿಲ್ಲ.

ಅಲ್ಲಿನ ರುಚಿ ನೋಡುವ ಕೋಣೆ ನನಗೆ ಬಹಳ ಇಷ್ಟವಾಯಿತು. ಉದ್ದ ಮೇಜಿನ ಮೇಲೆ ಸಾಲಾಗಿ ಬಿಳಿ ಕಪ್‌ಗಳು. ಪುಡಿಯನ್ನು ತೂಕ ಮಾಡಿ ಹಾಕಿ, ಕುದಿ ನೀರು ಸುರಿದು, ಆರು ನಿಮಿಷ ಬಿಟ್ಟು ಸೋಸುತ್ತಾರೆ. ಸರ್ ಅಂತ ಎಳೆದು ಬಾಯಲ್ಲಿ ಆಡಿಸಿ ಉಗುಳುತ್ತಾರೆ. ಸಿಟಿಸಿ ಪುಡಿಗೆ, ಅಂದರೆ ಯಂತ್ರದಲ್ಲಿ ಕಾಳು ಕಾಳಾಗಿ ಮಾಡಿದ ಪುಡಿಗೆ, ಸ್ವಲ್ಪ ಹಾಲು ಹಾಕಿ ಬಣ್ಣ ಹೇಗೆ ತಿರುಗುತ್ತದೆ ನೋಡುತ್ತಾರೆ. ಮೊದಲ ಸಲ ನಾನೂ ಸೀಪಿಸೀಪಿ ಕುಡಿದು, ಒಳ್ಳೆಯದು ಅನ್ನಿಸಿದ ಎರಡು ಮಾಲು ಆರಿಸಿದೆ. ಊರಿಗೆ ತಂದು ಹೋಟೆಲಿಗೆ ಕೊಟ್ಟರೆ, ಮಂಕು ಬಣ್ಣ, ಮೇಲೆ ಎಣ್ಣೆಯಂಥ ಪರೆ, ಬಾಯಿಗೆ ಏನೂ ಹತ್ತಲಿಲ್ಲ. ಎರಡು ದಿನ ನಿದ್ದೆ ಬರಲಿಲ್ಲ. ಯಾರೋ ಮಾಲು ಬದಲಿಸಿದ್ದಾರೆ ಅಂತಲೇ ನಂಬಿದ್ದೆ.

ಮಾಲು ಬದಲಾಗಿರಲಿಲ್ಲ. ನೀರು ಬದಲಾಗಿತ್ತು. ಅಲ್ಲಿನ ನೀರು ಮೆದು. ನಮ್ಮ ಬೋರಿನದು ಸವಳು. ಪಾತ್ರೆಯ ತಳಕ್ಕೆ ಬಿಳಿ ಸುಣ್ಣ ಕಟ್ಟುವ ನೀರು. ಅದರಲ್ಲಿ ಚಹಾದ ಚುರುಕು ಸತ್ತುಹೋಗುತ್ತದೆ. ಜೊತೆಗೆ ಅವರು ಪುಡಿ ಮೇಲೆ ನೀರು ಸುರಿಯುತ್ತಾರೆ, ನಾವು ಹಾಲು ಸಕ್ಕರೆ ಜೊತೆ ಹಾಕಿ ಮತ್ತೆ ಮತ್ತೆ ಕುದಿಸುತ್ತೇವೆ. ಅಲ್ಲಿ ಘಮ ಅಂದ ಪುಡಿಯ ಘಮ ನಮ್ಮ ಒಲೆ ಮೇಲೆ ಹತ್ತು ನಿಮಿಷಕ್ಕೆ ಹಾರಿಹೋಗಿ, ಉಳಿಯೋದು ಕಸುವು ಮಾತ್ರ. ಕಸುವಿಲ್ಲದ ಪುಡಿ ಎಷ್ಟು ಚೆಂದ ಇದ್ದರೇನು, ಅಲ್ವಾ?

2019ರ ಜೂನ್‌ನಲ್ಲಿ ಎರಡನೇ ಸಲ ಹೋಗುವಾಗ ಐದು ಲೀಟರಿನ ಎರಡು ಕ್ಯಾನ್ ನೀರು ತಗೊಂಡು ಹೋದೆ. ಒಂದರಲ್ಲಿ ಬೆಟಗೇರಿಯ ಬೋರಿನ ನೀರು, ಇನ್ನೊಂದರಲ್ಲಿ ನಳದ ನೀರು, ಅಂದರೆ ತುಂಗಭದ್ರೆಯದು. ಸ್ಯಾಂಪಲ್ ಪೊಟ್ಟಣಗಳನ್ನು ಲಾಡ್ಜಿಗೆ ತಂದು, ಅಲ್ಲೇ ಕೊಂಡ ಹಾಲಿನಲ್ಲಿ, ನಮ್ಮ ಹೋಟೆಲಿನವರು ಕುದಿಸುವಷ್ಟೇ ಹೊತ್ತು ಕುದಿಸಿದೆ. ಮೊದಲ ದಿನ ಹದಿನಾಲ್ಕು ಪುಡಿ ನೋಡಿದೆ. ರುಚಿ ಕೋಣೆಯಲ್ಲಿ ಎಲ್ಲರೂ ಹೊಗಳಿದ್ದ ಬಿಪಿ ಅನ್ನುವ ದೊಡ್ಡ ಕಾಳಿನ ಪುಡಿ ನನ್ನ ಸವಳು ನೀರಿನಲ್ಲಿ ಸೋತಿತು. ಯಾರೂ ತಿರುಗಿ ನೋಡದ ಒಂದು ಡೂವರ್ಸ್ ಡಸ್ಟ್ ಗೆದ್ದಿತು. ಡಸ್ಟ್ ಅಂದರೆ ಕಸ ಅಂತ ನಮ್ಮ ಜನ ತಿಳಿದಿದ್ದಾರೆ. ಹಾಗಲ್ಲ, ಅದು ಕಾಳಿನ ಸೈಜು, ಅಷ್ಟೇ. ಸಣ್ಣ ಕಾಳು ಬೇಗ ಬಣ್ಣ ಬಿಡುತ್ತದೆ, ಅಷ್ಟೇ ಪುಡಿಗೆ ಹೆಚ್ಚು ಕಪ್ ಚಹಾ ಆಗುತ್ತದೆ. ಈಗ ಬೋರ್ ನೀರಿನ ಹೋಟೆಲಿಗೆ ಡಸ್ಟ್ ಮತ್ತು ಪಿಡಿ ಅನ್ನುವ ಸಣ್ಣ ಕಾಳು ಜಾಸ್ತಿ ಇರುವ ಮಿಶ್ರಣ, ಹೊಳೆ ನೀರಿನವರಿಗೆ ಬಿಪಿ, ಅದಕ್ಕಿಂತ ಸಣ್ಣ ಕಾಳಿನ ಪಿಎಫ್ ಸೇರಿಸಿದ್ದು ಕೊಡುತ್ತೇನೆ. ಹೊಸ ಗಿರಾಕಿ ಬಂದರೆ 'ನಿಮ್ಮಲ್ಲಿ ಯಾವ ನೀರು' ಅಂತಲೇ ನನ್ನ ಮೊದಲ ಪ್ರಶ್ನೆ.

ಯಾವ ತಿಂಗಳ ಪುಡಿ ಅನ್ನೋದೂ ಅಷ್ಟೇ ಮುಖ್ಯ. ಜೂನ್ ಆಸುಪಾಸಿನದಕ್ಕೆ ರುಚಿ, ಬಣ್ಣ ಎರಡೂ ಇರುತ್ತದೆ. ಜುಲೈನಿಂದ ಮಳೆಗಾಲದ ಮಾಲು ರಾಶಿ ಬರುತ್ತದೆ, ಅಗ್ಗ, ಆದರೆ ತೆಳು. ಚಳಿಗಾಲದಲ್ಲಿ ಎಲೆ ಕೊಯ್ಲು ನಿಂತು ಫೆಬ್ರವರಿ ತನಕ ಹೊಸ ಮಾಲು ಇರಲ್ಲ. 2024ರಲ್ಲಂತೂ ಟೀ ಬೋರ್ಡ್ ನವೆಂಬರ್ 30ಕ್ಕೇ ಕೊಯ್ಲು ನಿಲ್ಲಿಸಲು ಹೇಳಿತ್ತು. ಹುಬ್ಬಳ್ಳಿಯ ಚೀಲ ತಿಂಗಳಿಗೊಂದು ರುಚಿ ಯಾಕೆ ಕೊಡುತ್ತಿತ್ತು ಅಂತ ಈ ತಿಂಗಳ ಲೆಕ್ಕ ತಿಳಿದ ಮೇಲೆ ಅರ್ಥವಾಯಿತು. ನಾನು ಜೂನ್ ಮಾಲನ್ನು ಕೈಲಾದಷ್ಟು ಹಿಡಿದಿಟ್ಟು, ಮಳೆಗಾಲದ್ದರ ಜೊತೆ ಬೆರೆಸುತ್ತೇನೆ.

ಲಾರಿಯ ವಿಷಯ ಹೇಳಲೇಬೇಕು. ಸಿಲಿಗುರಿಗೆ ದಕ್ಷಿಣದಿಂದ ಬಂದ ಲಾರಿಗಳು ಖಾಲಿ ವಾಪಸ್ ಹೋಗಲು ಒಪ್ಪಲ್ಲ, ಹಾಗಾಗಿ ವಾಪಸ್ ಲೋಡಿನ ಬಾಡಿಗೆ ಕಡಿಮೆ. ಅದನ್ನು ನಂಬಿ ಒಮ್ಮೆ ಬೇರೆಯವರ ಮಾಲಿನ ಜೊತೆ ನನ್ನ 28 ಚೀಲ ಹಾಕಿಸಿದೆ. ಜೊತೆಗೆ ಹೋಗುವುದು 'ಕಿರಾಣಿ ಸಾಮಾನು' ಅಂದರು. ಅದು ಬೆಟ್ಟದ ಕಡೆಯ ದೊಡ್ಡ ಏಲಕ್ಕಿ. ಹೊಗೆಯಲ್ಲಿ ಒಣಗಿಸಿದ ಕಪ್ಪು ಏಲಕ್ಕಿ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ, ಮೇಲೆ ತಾಡಪಾಲು, ಒಳಗೆ ಸೆಕೆ. ಗದಗಿನಲ್ಲಿ ಚೀಲ ಬಿಚ್ಚಿದರೆ ಒಲೆ ಹೊಗೆಯ ವಾಸನೆ. ಚಹಾ ಪಕ್ಕದ ವಾಸನೆಯನ್ನು ಹೀರಿಕೊಳ್ಳುತ್ತದೆ, ಒಮ್ಮೆ ಹೀರಿದರೆ ಬಿಡಿಸಲು ಆಗಲ್ಲ. ಟ್ರಾನ್ಸ್‌ಪೋರ್ಟಿನವರು ಒಂದು ರೂಪಾಯಿ ಕೊಡಲಿಲ್ಲ. ಅಷ್ಟೂ ಪುಡಿಯನ್ನು ಗೊಬ್ಬರಕ್ಕೆ ಹಾಕಿದೆ, ಯಾರಿಗೂ ಮಾರಲಿಲ್ಲ. ಈಗ ಚಹಾ ಕೊಳ್ಳುವ ಇನ್ನಿಬ್ಬರ ಜೊತೆ ಸೇರಿ ಪೂರ್ತಿ ಲಾರಿ ಮಾಡುತ್ತೇವೆ. ಲೋಡಿಗೆ ಮೊದಲು ನಮ್ಮವರೊಬ್ಬರು ಖಾಲಿ ಲಾರಿಯೊಳಗೆ ಹತ್ತಿ, ಬಾಗಿಲು ಮುಚ್ಚಿಸಿ, ಮೂಸಿ ನೋಡಬೇಕು. ಈರುಳ್ಳಿ, ಶುಂಠಿ, ಮೀನು, ಯಾವ ವಾಸನೆ ಬಂದರೂ ಆ ಲಾರಿ ಬೇಡ.

2023ರ ಅಕ್ಟೋಬರ್ 4ರಂದು ತೀಸ್ತಾದಲ್ಲಿ ಪ್ರವಾಹ ಬಂದು ಸಿಕ್ಕಿಂ ರಸ್ತೆ ಕೊಚ್ಚಿಹೋದಾಗ ನಾನು ಅಲ್ಲೇ ಇದ್ದೆ. ನನ್ನ ಪುಡಿ ಗೋದಾಮಿನಲ್ಲಿ ಕ್ಷೇಮವಾಗಿತ್ತು. ಬೆಟ್ಟಕ್ಕೆ ಹೋಗಬೇಕಾದ ಲಾರಿಗಳು ರಸ್ತೆ ಬದಿ ಸಾಲುಗಟ್ಟಿ ನಿಂತಿದ್ದವು, ಮೇಲಿರುವ ಮನೆಯವರಿಗೆ ಫೋನ್ ಸಿಗದೆ ಡ್ರೈವರ್‌ಗಳು ಅಳುತ್ತಿದ್ದರು. ನನಗೆ ಕಮಿಷನ್ ಮೇಲೆ ಕೊಡಿಸುವವರು ಆ ವಾರ ಹರಾಜಿನ ಕಡೆ ತಲೆ ಹಾಕಲಿಲ್ಲ, ಅನ್ನ ಬೇಯಿಸಿ ಹಂಚುತ್ತಿದ್ದರು. ನಾನೂ ಮೂರು ದಿನ ಅವರ ಜೊತೆ ಚಹಾ ಕುದಿಸಿದೆ. ಅವರ ನೀರು, ಅವರ ಪುಡಿ.

ಈ ಜೂನ್‌ಗೆ ಮತ್ತೆ ಹೊರಡಬೇಕು. ಮುಂಡರಗಿ ಕಡೆಯ ಒಬ್ಬ ಹೋಟೆಲಿನವರು ತಮ್ಮ ಬೋರಿನ ನೀರನ್ನೂ ಒಂದು ಬಾಟಲಿಯಲ್ಲಿ ತುಂಬಿ, ಹೆಸರು ಬರೆದು ಕೊಟ್ಟಿದ್ದಾರೆ.